ಹನ್ನೊಂದು ಮರಿಗಳ ಮೀಟರು

"ಮಕ್ಕಳೆಲ್ಲ ಒಂದೇ ಬಿಲದಲ್ಲಿರಲಿ. ಯಾರನ್ನೂ ಬೇರೆ ಕಳಿಸಬೇಡಿ" ಎಂದು ಗಂಡನಿಗೆ ಹೇಳಿ ಹೆಣ್ಣಿಲಿ ಕಣ್ಣು ಮುಚ್ಚಿತು. ಗಂಡಿಲಿ ಹೂಂ ಅಂದಿತ್ತು.

ತಾಯಿಯ ಮೈಬಿಸಿ ಹೋದ ಮೇಲೆ ಹನ್ನೊಂದು ಮರಿಗಳು ಬಲ್ಬಿನ ಬಿಸಿಯಲ್ಲೇ ಮಲಗುತ್ತಿದ್ದವು. ಕರೆಂಟಿನ ಚೀಟಿ ಬಂದಾಗ ಇಲಿ ಕಚೇರಿಗೆ ಓಡಿತು. ಅಲ್ಲಿ ಓತಿಕ್ಯಾತ ಕುಳಿತಿತ್ತು. ಎದುರಿಗೆ ಹೆಗ್ಗಣ ಮೂರು ಚೀಟಿ ಹಿಡಿದು ನಿಂತಿತ್ತು.

"ಸ್ವಾಮಿ, ಈ ಹೆಗ್ಗಣರಾಯರು ಒಬ್ಬರೇ. ಉರಿಸೋದು ನನ್ನಷ್ಟೇ. ಆದರೂ ಅವರಿಗೆ ಕಡಿಮೆ ದರ, ನನಗೆ ದುಬಾರಿ ದರ. ಯಾಕೆ?"

ಓತಿಕ್ಯಾತ ತಲೆಯಾಡಿಸಿತು. "ಒಂದೇ ಮೀಟರು ಜಾಸ್ತಿ ಓಡಿದರೆ ದರ ಏರುತ್ತೆ. ಅವರದು ಮೂರು ಬಿಲ, ಮೂರು ಮೀಟರು. ಒಂದೊಂದೂ ಓಡೋದು ಸ್ವಲ್ಪವೇ."

"ಹನ್ನೊಂದು ಮರಿ ಹುಟ್ಟಿಸು ಅಂತ ನಿನಗೆ ಯಾರಪ್ಪ ಹೇಳಿದ್ದು?" ಎಂದು ಹೆಗ್ಗಣ ನಕ್ಕಿತು.

ಇಲಿ ಅತ್ತ ತಿರುಗಲಿಲ್ಲ. "ಮೀಟರು ಎಣಿಸ್ತೀರಿ, ಮನೇಲಿ ಎಷ್ಟು ಜೀವ ಅಂತ ಎಣಿಸೋಲ್ಲವಾ ಸ್ವಾಮಿ?"

"ನೀನು ಹೇಳೋದು ನ್ಯಾಯವೇ" ಎಂದು ಓತಿಕ್ಯಾತ ಮತ್ತೆ ತಲೆಯಾಡಿಸಿತು. "ಆದರೆ ಜೀವ ಬರೆಯೋಕೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ. ಕಟ್ಟದಿದ್ದರೆ ಲೈನ್ ಕೀಳಬೇಕಾಗುತ್ತೆ."

ಇಲಿ ಇದ್ದದ್ದನ್ನೆಲ್ಲ ಕಟ್ಟಿ ಬಂತು. ಮಾರನೆಯ ಬೆಳಿಗ್ಗೆ ಎರಡನೆಯ ಮೀಟರಿಗೆಂದು ಬದುವಿನಾಚೆ ಇನ್ನೊಂದು ಬಿಲ ತೋಡಿತು. ಆಗಷ್ಟೇ ಕಣ್ಣು ತೆರೆದಿದ್ದ ಐದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಅಲ್ಲಿ ಬಿಟ್ಟಿತು.