ಏಳನೆಯ ಒನ್ಸ್ ಮೋರ್

“ಗುರುಗಳೇ, ನಾವು ಬೆಳೆಸಿದ ಹಾಡುಗಾರ ನಮಗೇ ಆಗಲ್ಲ ಅನ್ನಬಹುದಾ?”

ಹೀಗೆ ನನ್ನ ಕಾಲಬಳಿ ಕೂತು ಪ್ರಶ್ನೆ ಕೇಳುವ ಶಿಷ್ಯರು ನಾಡಿನ ಉದ್ದಗಲಕ್ಕೂ ಮುನ್ನೂರು ಮಂದಿ ಇದ್ದಾರೆ. ಸುಳ್ಳು. ಇರುವವನು ಕಲ್ಲೇಶ ಒಬ್ಬನೇ. ಅವನೂ ಕಾಲಬಳಿ ಕೂರುವುದಿಲ್ಲ, ಹೋಟೆಲಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂರುತ್ತಾನೆ. ಮೂವತ್ತು ದಾಟಿದವನು. ರಸಮಂಜರಿ ಹಾಡುವ ಒಬ್ಬ ಗಾಯಕನ ಅಭಿಮಾನಿ ಬಳಗಕ್ಕೆ ಅಧ್ಯಕ್ಷ. ಆ ಬೆಳಿಗ್ಗೆ ಅವನ ಮುಖ ಕೆಂಡದಂತಿತ್ತು.

ಹಿಂದಿನ ದಿನದ ಕಾರ್ಯಕ್ರಮದಲ್ಲಿ ಜನ ಒನ್ಸ್ ಮೋರ್ ಎಂದು ಎಷ್ಟು ಕೂಗಿದರೂ ಆ ಗಾಯಕ ಕೈಮುಗಿದು ವೇದಿಕೆ ಇಳಿದುಬಿಟ್ಟಿದ್ದ.

“ಕೈಮುಗಿದು ಹೋಗೋಕೆ ಇವರೇನು ಬೀಗರ ಮನೆಗೆ ಬಂದಿದ್ರಾ? ಬ್ಯಾನರ್ ಕಟ್ಟಿದ್ದು ನಾವು. ಕಟೌಟಿಗೆ ಹಾಲು ಎರೆದಿದ್ದು ನಾವು. ಈಗ ಪಕ್ಕದ ಊರಿನ ಆರ್ಕೆಸ್ಟ್ರಾದವರ ಅಭಿಮಾನಿಗಳು ನಮ್ಮ ಮುಖ ನೋಡಿ ನಗ್ತಾ ಇದ್ದಾರೆ. ಇವತ್ತು ಸಂಜೆ ಅವರ ಮನೆ ಮುಂದೆ ಧಿಕ್ಕಾರ ಕೂಗೋಕೆ ಐವತ್ತು ಜನ ಹೊರಟಿದ್ದೀವಿ. ತಪ್ಪಾ, ನೀವೇ ಹೇಳಿ.”

ತಪ್ಪು ಎಂದಿದ್ದರೆ ಎದ್ದು ಹೋಗುತ್ತಿದ್ದ. ಸರಿ ಎಂದಿದ್ದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಆದ್ದರಿಂದ ಒಂದು ಕತೆ ಹೇಳಿದೆ.

ಒಂದು ಊರು. ಆ ಊರಿಗೆ ಕೋಟೆ ಬೀದಿ, ಪೇಟೆ ಬೀದಿ ಎಂದು ಎರಡು ಬೀದಿ. ಬೀದಿಗೊಂದು ವಾದ್ಯಗೋಷ್ಠಿ, ಗೋಷ್ಠಿಗೊಬ್ಬ ಗಾಯಕ. ಕೋಟೆಯ ಗಾಯಕನ ಅಭಿಮಾನಿಗಳಿಗೆ ಒಬ್ಬ ದರ್ಜಿ ಮುಂದಾಳು. ಪೇಟೆಯ ಗಾಯಕನ ಅಭಿಮಾನಿಗಳಿಗೆ ಒಬ್ಬ ಬೆಲ್ಲದ ವ್ಯಾಪಾರಿ. ಗಡ್ಡ ಬೆಳೆದಿರಲಿ ಬಿಡಲಿ, ಇವರಿಬ್ಬರೂ ದಿನಾ ಬೆಳಿಗ್ಗೆ ಕ್ಷೌರದ ಅಂಗಡಿಯಲ್ಲಿ ಸೇರುತ್ತಿದ್ದರು.

“ನಿಮ್ಮವನು ಮೇಲಿನ ಸ್ವರಕ್ಕೆ ಹತ್ತೋದು ನೋಡಿದರೆ, ಹೋಗಿ ಏಣಿ ಹಿಡಿದುಕೊಳ್ಳೋಣ ಅನ್ನಿಸುತ್ತೆ ಸಾಹುಕಾರ್ರೇ” ಎನ್ನುತ್ತಿದ್ದ ದರ್ಜಿ.

“ನಿಮ್ಮವನು ಹತ್ತುತ್ತಾನೆ ಮಾಸ್ಟ್ರೇ, ಇಳಿಯೋದು ಗೊತ್ತಿಲ್ಲ. ಕೆಳಗೆ ತಬಲದವನು ಕಾಯ್ತಾ ಕೂತಿರ್ತಾನೆ, ಪಾಪ” ಎನ್ನುತ್ತಿದ್ದ ವ್ಯಾಪಾರಿ.

ಇಂಥ ಜಗಳಕ್ಕೆ ತೀರ್ಪಿಲ್ಲ. ಇಲ್ಲದಿರುವುದೇ ಅದರ ಸೊಗಸು. ಆದರೆ ಇವರಿಗೆ ತೀರ್ಪು ಬೇಕಾಯಿತು. ಒಂದೇ ಹಾಡಿಗೆ ಯಾರಿಗೆ ಹೆಚ್ಚು ಒನ್ಸ್ ಮೋರ್ ಬೀಳುತ್ತದೋ ಅವನೇ ದೊಡ್ಡವನು ಎಂದು ಗೊತ್ತುಮಾಡಿದರು. ಒಬ್ಬ ಅಳೆಯುವವನು, ಇನ್ನೊಬ್ಬ ತೂಗುವವನು. ಇಬ್ಬರಿಗೂ ಒಪ್ಪಿಗೆಯಾಯಿತು. ಹಾಡುವವರನ್ನು ಮಾತ್ರ ಯಾರೂ ಕೇಳಲಿಲ್ಲ.

ಯುಗಾದಿಯ ಕಾರ್ಯಕ್ರಮದಲ್ಲಿ ಪೇಟೆಯವನಿಗೆ ಐದು ಬಿತ್ತು. ಪೇಟೆ ಬೀದಿಯ ಗೋಡೆಗಳ ಮೇಲೆಲ್ಲ ಸುಣ್ಣದಲ್ಲಿ ಐದು, ಐದು, ಐದು ಎಂದು ಬರೆದರು. ದರ್ಜಿ ಒಂದು ತಿಂಗಳು ಪೇಟೆ ಬೀದಿಯಲ್ಲಿ ಓಡಾಡಲಿಲ್ಲ.

ಆಮೇಲೆ ಕೋಟೆಯವನ ಸರದಿ ಬಂತು. ಅವನದೊಂದು ಹಾಡಿತ್ತು. ಕೊನೆಯ ಸಾಲಿನಲ್ಲಿ ದನಿ ಮೇಲಕ್ಕೇರಿ ಅಲ್ಲೇ ನಿಲ್ಲುತ್ತಿತ್ತು. ಜನ ಅದಕ್ಕಾಗಿಯೇ ಬರುತ್ತಿದ್ದರು. ಕಾರ್ಯಕ್ರಮದ ದಿನ ಬೆಳಿಗ್ಗೆ ಅವನು ದರ್ಜಿಯನ್ನು ಮನೆಗೆ ಕರೆಸಿದ.

“ಗಂಟಲಲ್ಲಿ ಗಂಟು ಕಟ್ಟಿದೆ ಅಂತಾರೆ ಡಾಕ್ಟರು. ದನಿ ಏರಿಸಲೇಬೇಡ ಅಂದಿದ್ದಾರೆ. ಬಂದ ಜನಕ್ಕೆ ಬೇಜಾರಾಗಬಾರದು, ಆ ಹಾಡು ಒಂದೇ ಸಲ ಹಾಡ್ತೀನಿ. ನಿಮ್ಮ ಹುಡುಗರಿಗೆ ಹೇಳಿಬಿಡಿ ಮಾಸ್ಟ್ರೇ.”

“ಆಯ್ತಣ್ಣ. ಒಂದೇ ಸಲ” ಎಂದ ದರ್ಜಿ. ಹುಡುಗರಿಗೆ ಹೇಳಿಯೂ ಹೇಳಿದ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಗಂಟಲಿನ ಸುದ್ದಿ ಕ್ಷೌರದ ಅಂಗಡಿ ತಲುಪಲು ಒಂದು ಗಂಟೆಯೂ ಬೇಕಾಗಲಿಲ್ಲ. ಅಲ್ಲಿಂದ ಬೆಲ್ಲದ ಮಂಡಿಗೆ ನಾಲ್ಕೇ ಹೆಜ್ಜೆ. ವ್ಯಾಪಾರಿ ಮೂವತ್ತು ಜನರನ್ನು ಕರೆದ. “ಅಲ್ಲಲ್ಲಿ ಹಂಚಿಕೊಂಡು ಕೂರಿ. ಆ ಹಾಡು ಮುಗಿದ ತಕ್ಷಣ ಒನ್ಸ್ ಮೋರ್ ಕೂಗಿ. ದನಿ ಒಡೆಯೋವರೆಗೂ ಬಿಡಬೇಡಿ” ಎಂದ.

“ಲೆಕ್ಕ ಅವರದೇ ಹೆಚ್ಚಾಗುತ್ತಲ್ಲ ಸಾಹುಕಾರ್ರೇ?”

“ಆಗಲಿ ಬಿಡ್ರೋ. ದನಿ ಹೋದ ಮೇಲೆ ಲೆಕ್ಕ ಇಟ್ಟುಕೊಂಡು ಉಪ್ಪಿನಕಾಯಿ ಹಾಕ್ತಾರಾ?”

ಸಂಜೆ ಶಾಲೆಯ ಮೈದಾನದಲ್ಲಿ ಹತ್ತು ಸಾವಿರ ಜನ ಸೇರಿದರು. ಇರಲಿ, ಕುರ್ಚಿ ಹಾಕಿಸಿದವರು ಎರಡು ಸಾವಿರ ಎಂದರು. ಗಾಯಕ ಆ ಹಾಡು ಹಾಡಿದ. ಮುಗಿಯಿತು. ಎಡಗಡೆಯಿಂದ ಒನ್ಸ್ ಮೋರ್ ಬಂತು. ಬಲಗಡೆಯಿಂದ ಬಂತು. ಹಿಂದಿನಿಂದಲೂ ಬಂತು.

ದರ್ಜಿಯ ಹುಡುಗರು ಬಾಯಿ ಮುಚ್ಚಿಕೊಂಡು ದರ್ಜಿಯ ಮುಖ ನೋಡಿದರು. ದರ್ಜಿ ಕೂಗುವವರ ಮುಖ ನೋಡಿದ. ನಮ್ಮವರಲ್ಲ, ಪೇಟೆಯವರು. ಅಂದರೆ ಪೇಟೆಯೇ ನಮ್ಮ ಕಡೆ ತಿರುಗಿದೆ ಎಂದುಕೊಂಡ. ಅವನ ಕಣ್ಣು ತುಂಬಿ ಬಂತು. ವೇದಿಕೆಯ ಮೇಲಿಂದ ಗಾಯಕ ಅವನನ್ನೇ ನೋಡುತ್ತಿದ್ದ. ದರ್ಜಿ ಒಂದು ಬೆರಳೆತ್ತಿ ತೋರಿಸಿದ. ಒಂದೇ ಒಂದು.

ಗಾಯಕ ಇನ್ನೊಮ್ಮೆ ಹಾಡಿದ.

ಎರಡನೆಯ ಕೂಗಿಗೆ ದರ್ಜಿಯ ಹುಡುಗರೂ ಸೇರಿಕೊಂಡರು. ಮೂರನೆಯದಕ್ಕೆ ದರ್ಜಿ ಕುರ್ಚಿಯ ಮೇಲೆ ನಿಂತಿದ್ದ. ನಾಲ್ಕನೆಯದಕ್ಕೆ ಮೈದಾನಕ್ಕೆ ಮೈದಾನವೇ ಕೂಗುತ್ತಿತ್ತು. ಗಾಯಕ ಬಿಸಿನೀರು ತರಿಸಿ ಕುಡಿದ. ಹಾಡಿದ. ಐದನೆಯದೂ ಆಯಿತು. ಲೆಕ್ಕ ಸರಿಸಮವಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ವೇದಿಕೆಯ ಮುಂದೆ ಬಂದ. ತಲೆಯ ಮೇಲಿನ ಟವೆಲ್ ತೆಗೆದ. ಪೇಟೆಯ ಗಾಯಕ. ಅವನು ಬಂದದ್ದು ಅವನ ಬೀದಿಯವರಿಗೂ ಗೊತ್ತಿರಲಿಲ್ಲ. ಯಾಕೆ ಬಂದಿದ್ದ? ಹಾಡು ಕೇಳಲು ಬಂದಿದ್ದ. ಹಾಡುವವರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳುತ್ತಾರೆ ಎಂಬುದು ಅಭಿಮಾನಿಗಳಿಗೆ ಹೊಳೆಯುವುದೇ ಇಲ್ಲ.

“ಸಾಕು ನಿಲ್ಲಿಸಿ. ಇನ್ನೊಂದು ಸಲ ಹಾಡಿಸಿದರೆ ಆ ಗಂಟಲು ಉಳಿಯಲ್ಲ” ಎಂದ.

ದರ್ಜಿ ಕುರ್ಚಿಯಿಂದ ಹಾರಿ ಇಳಿದ. “ನೋಡ್ರೋ ಇವನನ್ನ. ನಾಲ್ಕರವರೆಗೂ ಕೂತಿದ್ದ. ಐದು ಆಗುತ್ತಲೇ ಗಂಟಲಿನ ನೆನಪಾಯ್ತು ಇವನಿಗೆ.” ಅವನ ಕಾಲರಿಗೆ ಕೈ ಹಾಕಿದ. ಊರಿಗಿದ್ದವನು ಒಬ್ಬನೇ ದರ್ಜಿ, ಆ ಅಂಗಿ ಹೊಲಿದವನೂ ಅವನೇ. ಅದು ಹೆಗಲಿನವರೆಗೆ ಹರಿಯಿತು. ವ್ಯಾಪಾರಿಯ ಮೂವತ್ತು ಜನವೂ ನುಗ್ಗಿದರು. ತಮ್ಮ ಗಾಯಕನನ್ನು ಬಿಡಿಸಿಕೊಳ್ಳಲು ಅಲ್ಲ, ತಳ್ಳಲು. ಅವನು ಅವರ ಕೆಲಸ ಕೆಡಿಸುತ್ತಿದ್ದನಲ್ಲ. ಎರಡು ಬೀದಿಯವರು ಒಗ್ಗಟ್ಟಾಗಿ ಮಾಡಿದ ಕೆಲಸ ಆ ಊರಿನಲ್ಲಿ ಅದೊಂದೇ. ಅವನನ್ನು ಗೇಟಿನ ಆಚೆ ಹಾಕಿ ಬಂದರು.

“ಸರಿಯಾಗೇ ಮಾಡಿದ್ರು” ಎಂದು ಕಲ್ಲೇಶ ನಡುವೆ ಬಾಯಿ ಹಾಕಿದ. “ಎದುರು ಪಾರ್ಟಿಯವನು ಬಂದು ನಿಲ್ಲಿಸಿ ಅಂದರೆ ಸುಮ್ನಿರೋಕಾಗುತ್ತಾ?”

ಸುಮ್ಮನೆ ಕೇಳು ಎಂದೆ. ಹೇಳುವಾಗ ನನಗೂ ಸಿಟ್ಟು ಬರುವ ಜಾಗ ಅದು.

ಆರನೆಯ ಒನ್ಸ್ ಮೋರ್ ಬಂತು. ಗಾಯಕ ಗೇಟಿನ ಕಡೆ ನೋಡಿದ, ಹಾಡಿದ. ಪೇಟೆಯ ಲೆಕ್ಕ ಮುರಿಯಿತು. ದರ್ಜಿಯನ್ನು ಹೆಗಲ ಮೇಲೆ ಹೊತ್ತರು. ಇನ್ನಾದರೂ ನಿಲ್ಲಿಸಬಹುದಿತ್ತು. ಏಳನೆಯದನ್ನು ಮೊದಲು ಕೂಗಿದವನು ವ್ಯಾಪಾರಿಯ ಕಡೆಯವನಲ್ಲ, ಹೆಗಲ ಮೇಲಿದ್ದ ದರ್ಜಿಯೇ. ಗಾಯಕ ಕೊನೆಯ ಸಾಲಿಗೆ ಬಂದ. ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಇದೇನೋ ಹೊಸ ರೀತಿ ಇರಬೇಕೆಂದು ಕೆಲವರು ಚಪ್ಪಾಳೆ ತಟ್ಟಿದರು.

ದನಿ ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಮೂವತ್ತು ಜನರ ಸಂಗತಿಯೂ ಅದೇ ವಾರ ಬಯಲಾಯಿತು. ದರ್ಜಿ ಕ್ಷೌರದ ಅಂಗಡಿಗೆ ಹೋಗಿ, ಮುಖಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದ ವ್ಯಾಪಾರಿಯನ್ನು ಎಬ್ಬಿಸಿ ನಿಲ್ಲಿಸಿದ.

“ಹಾಳಾದವನೇ. ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡೆಯಲ್ಲೋ. ದ್ವೇಷಕ್ಕೆ ಕೂಗಿಸಿದೆಯಲ್ಲೋ.”

“ಹೌದು, ಕೂಗಿಸಿದೆ. ಮೂವತ್ತು ಜನ. ಉಳಿದವರು ಯಾರ ಕಡೆಯವರು? ಗಂಟಲು ಕೆಟ್ಟಿದ್ದು ನನಗೆ ಗಾಳಿಮಾತು. ನಿನಗೆ ಅವನೇ ಕರೆಸಿ ಹೇಳಿದ್ದ.”

ದರ್ಜಿಯ ಕೈ ಸಡಿಲವಾಯಿತು. ಸಿಟ್ಟು ಸಡಿಲವಾಗಲಿಲ್ಲ. “ನಾನು ಕೂಗಿದ್ದು ಪ್ರೀತಿಗೆ. ನಡಿ ಅವರ ಹತ್ತಿರಾನೇ. ಅವರ ಕೈಯಲ್ಲೇ ಹೇಳಿಸ್ತೀನಿ” ಎಂದು ಸೋಪಿನ ಮುಖದಲ್ಲೇ ಎಳೆದುಕೊಂಡು ಹೋದ.

ಗಾಯಕ ಜಗುಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಒಂದು ಸ್ಲೇಟು. ಈಗ ಮನೆಯವರೊಂದಿಗೆ ಅವನ ಮಾತೆಲ್ಲ ಅದರಲ್ಲೇ.

“ಅಣ್ಣ, ಇವನದು ದ್ವೇಷ. ನಮ್ಮದು ಪ್ರೀತಿ. ನಿಮಗೆ ಗೊತ್ತಿಲ್ಲದ್ದಾ? ಇವನ ಮುಖಕ್ಕೆ ಹಿಡಿಯೋಕೆ ಒಂದು ಸಾಲು ಬರೆದುಕೊಡಿ” ಎಂದ ದರ್ಜಿ.

ಗಾಯಕ ಬರೆದ. ‘ವೇದಿಕೆಗೆ ಎರಡೂ ಒಂದೇ ಥರ ಕೇಳಿಸಿತು.’

ದರ್ಜಿ ಓದಿದ. ವ್ಯಾಪಾರಿಯೂ ಓದಿದ. ಗಾಯಕ ಅದನ್ನು ಅಂಗೈಯಲ್ಲಿ ಒರೆಸಿ ಮತ್ತೆ ಬರೆದ. ‘ಸಾಕು ಅಂದವರ ಅಂಗಿ ಹರಿದಿದೆಯಂತೆ. ಹೊಲಿದುಕೊಡಿ.’

ಇಷ್ಟೇ ಕತೆ ಎಂದೆ. ಕಲ್ಲೇಶ ಚಹಾ ಮುಗಿಸಿ ಲೋಟ ಕೆಳಗಿಟ್ಟ. ಆಮೇಲೆ ಅವನಿಗೆ ಮತ್ತೆ ಸಿಟ್ಟು ಬಂತು, ಈ ಸಲ ಬೇರೆಯವರ ಮೇಲೆ.

“ಆ ದರ್ಜಿಗೆ ಮೆಟ್ಟು ತಗೊಂಡು ಹೊಡೀಬೇಕಿತ್ತು ಗುರುಗಳೇ. ಅಭಿಮಾನಿಯಂತೆ ಅಭಿಮಾನಿ. ಧಿಕ್ಕಾರದ ಮಾತು ಆಮೇಲೆ ನೋಡೋಣ, ಮೊದಲು ನಮ್ಮ ಹುಡುಗರಿಗೆ ಇದನ್ನ ಹೇಳಬೇಕು. ಎಂಥಾ ಕತೆ ಹೇಳಿದ್ರಿ ನೀವು. ಆ ಸ್ಲೇಟಿನ ಭಾಗ ಇನ್ನೊಂದು ಸಲ ಹೇಳಿ.”

ನಾನು ನನ್ನ ಖಾಲಿ ಲೋಟವನ್ನು ಅವನ ಕಡೆ ತಳ್ಳಿದೆ.

“ಹೇಳಿ ಗುರುಗಳೇ. ಇನ್ನೊಂದೇ ಒಂದು ಸಲ.”

“ಗಂಟಲು ನನ್ನದು ಕಲ್ಲೇಶ, ಚಹಾದ ದುಡ್ಡು ನಿನ್ನದು.”