ಹಾರ ಹಾಕಿಸಿಕೊಂಡ ಡ್ರಿಲ್ಲಿಂಗ್ ಮಷಿನ್ನು

ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೇ ಡ್ರಿಲ್ಲಿಂಗ್ ಮಷಿನ್ನನ್ನು ಸದಾನಂದಯ್ಯನವರು ಆಸೆಪಟ್ಟು ಕೊಂಡು ತಂದರು. ತುಕ್ಕು ತಿಕ್ಕಿ, ಬೇರಿಂಗು ಬದಲಿಸಿ, ಹಸಿರು ಬಣ್ಣ ಹೊಡೆದು ಶೆಡ್ಡಿನ ನಟ್ಟನಡುವೆ ನಿಲ್ಲಿಸಿದರು. ಆಯುಧಪೂಜೆಯ ದಿನ ಉಳಿದ ಸಾಮಾನುಗಳಿಗೆಲ್ಲ ಒಂದೊಂದು ಹೂವಾದರೆ, ಮಷಿನ್ನಿಗೆ ದೊಡ್ಡ ಸೇವಂತಿಗೆ ಹಾರವೇ ಬಿತ್ತು.

ಹಿಡಿ ಸವೆದ ಸುತ್ತಿಗೆ ನಿಟ್ಟುಸಿರಿಟ್ಟಿತು. “ಪುಣ್ಯವಂತ ಕಣಯ್ಯಾ ನೀನು. ನನಗೆ ಬಿಡುವೆಂದರೆ ಇವತ್ತೊಂದೇ ದಿನ. ಹಬ್ಬ ಕಳೆದರೆ ಮತ್ತೆ ತಲೆ ಚಚ್ಚಿಕೊಳ್ಳುವುದು ಇದ್ದದ್ದೇ.”

“ಯೋಗ್ಯತೆ ನೋಡಿಯೇ ಹಾರ ಹಾಕುತ್ತಾರೆ,” ಎಂದು ಮಷಿನ್ನು ಬೀಗಿತು.

ಹಬ್ಬ ಕಳೆಯಿತು. ಕಿಟಕಿಗೆ ಹಾಕುವ ಕಬ್ಬಿಣದ ಪಟ್ಟಿಗೆ ತೂತು ಕೊರೆಯಬೇಕಾಗಿ ಬಂತು. ಅಂತೂ ನನ್ನ ಸರದಿ ಬಂತೆಂದು ಮಷಿನ್ನು ಕಾದು ನಿಂತಿತು. ಸದಾನಂದಯ್ಯನವರು ಅದರ ಹೊಳಪನ್ನೊಮ್ಮೆ ಕಣ್ತುಂಬ ನೋಡಿ, “ಬೇಡಪ್ಪ, ಬಣ್ಣ ಕೆಟ್ಟೀತು,” ಎಂದು ಪಟ್ಟಿಯನ್ನು ಪಕ್ಕದ ಬೀದಿಯ ವರ್ಕ್‌ಶಾಪಿಗೆ ಒಯ್ದು ಕೊರೆಸಿಕೊಂಡು ಬಂದರು. ಆಮೇಲೆ ಸುತ್ತಿಗೆಯನ್ನು ಕೈಗೆತ್ತಿಕೊಂಡರು.

ಸಂಜೆ ಸುತ್ತಿಗೆ ಮೈಯೆಲ್ಲ ಧೂಳಾಗಿ ಹಿಂದಿರುಗಿ ಕೇಳಿತು: “ಬಿಡುವು ಹೇಗಿತ್ತಯ್ಯಾ?”

ಬಾಡಿದ ಹಾರದೊಳಗಿಂದ ಮಷಿನ್ನು ಮೆಲ್ಲಗೆ ಹೇಳಿತು: “ಗುಜರಿಯಲ್ಲಿ ಕೆಲಸವಿಲ್ಲದೆ ತುಕ್ಕು ಹಿಡಿದಿದ್ದೆ, ಇಲ್ಲಿ ಕೆಲಸವಿಲ್ಲದೆ ಹೊಳೆಯುತ್ತಿದ್ದೇನೆ. ಸುತ್ತಿಗೆಯಣ್ಣಾ, ನಿನ್ನ ಆಯುಧಪೂಜೆ ಒಂದೇ ದಿನಕ್ಕೆ ಮುಗಿಯಿತು. ನನ್ನದು ಮುಗಿಯುವುದೇ ಇಲ್ಲ.”