ಗಾಜಿನ ಕಟ್ಟಡಕ್ಕೆ ಹೋದ ಮರಿಲಿಂಗ

ಕೇಳ್ರಪ್ಪಾ, ಕೇಳ್ರಮ್ಮಾ! ಊರ ಹೊರಗೆ ಗಾಜಿನ ಕಟ್ಟಡದಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ. ಅದರ ಎದುರಿಗೆ ಒಂದು ಇಸ್ತ್ರಿ ಗಾಡಿ. ಗಾಡಿ ಹಿಂದೆ ಕೆಂಪಾಜಮ್ಮ. ಕೆಂಪಾಜಮ್ಮನ ಹಿಂದೆ ಅವಳ ಮಗ ಮರಿಲಿಂಗ. ಹೇಳಿದ್ದನ್ನ ಹೇಳಿದಂಗೇ ಮಾಡೋ ಮಹರಾಯ! ಹಂಗಾಗೇ ಡಿಗ್ರಿ ಪಾಸಾಗಿದ್ದ ಅನ್ನಿ. ಪುಸ್ತಕದಲ್ಲಿರೋದನ್ನ ಇದ್ದಂಗೇ ಬರೆಯೋದು ತಾನೇ, ಅದಕ್ಕೇನು ಬುದ್ಧಿ ಬೇಕು?

ಬೆಳಗಾದ್ರೆ ಕೊರಳಿಗೆ ಕಾರ್ಡು ಹಾಕ್ಕೊಂಡ ಹುಡುಗರು ಹುಡುಗೀರು ಆ ಗೇಟು ದಾಟೋರು. ಕೆಂಪಾಜಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು ನೋಡ್ತಾ ನಿಲ್ಲೋಳು. ಒಂದು ದಿನ ನನ್ನ ಮಗನೂ ಹಂಗೆ ಒಳಗೆ ಹೋಗಬೇಕು, ಕಣ್ತುಂಬ ನೋಡಬೇಕು ಅಂತ ಆಸೆ. ಉಣ್ಣೋಕೆ ಕೂತರೂ ಅದೇ, ಮಲಗಿದರೂ ಅದೇ.

ಅಂತೂ ಇಂಟರ್‌ವ್ಯೂಗೆ ಕರೆದ್ರು.

"ಮಗಾ, ನೀನು ಮಾತಾಡಿದ್ರೆ ಮಾನ ಹೋಗುತ್ತೆ. ಬಾಯಿ ಮುಚ್ಕೊಂಡು ಕೂತಿರು!"

"ಆಯ್ತಮ್ಮಾ!"

ಒಳಗೆ ಒಂದಷ್ಟು ಜನರನ್ನ ದುಂಡಗೆ ಕೂರಿಸಿ, ವಿಷಯ ಕೊಟ್ಟು, ಚರ್ಚೆ ಮಾಡಿ ಅಂದ್ರು. ಮಿಕ್ಕೋರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ರು. ನಮ್ಮ ಮರಿಲಿಂಗ? ಉಸಿರಿಲ್ಲ! "ನಿಮ್ಮ ಅಭಿಪ್ರಾಯ ಹೇಳಿ." ಮಾತಿಲ್ಲ. "ಹೋಗ್ಲಿ, ನಿಮ್ಮ ಹೆಸರು?" ಅದೂ ಇಲ್ಲ. ಕೈ ಸನ್ನೇಲಿ ಬಾಗಿಲು ತೋರಿಸಿದ್ರು. ಇವನೂ ಸನ್ನೇಲೇ ಕೈ ಮುಗಿದು ಎದ್ದು ಬಂದ.

"ಅಯ್ಯೋ ನನ್ನ ಕರ್ಮವೇ!" ಅಂತ ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. ಬಟ್ಟೆ ಕೊಡೋಕೆ ಬಂದಿದ್ದ ವನಿತಾ, ಅದೇ ಕಂಪನಿ ಹುಡುಗಿ, ಅವಳೂ ಬೈದಳು. "ಏನೋ ನೀನು! ಅಲ್ಲಿ ಉತ್ತರ ಮುಖ್ಯ ಅಲ್ಲ, ಹೆಂಗೆ ಯೋಚಿಸ್ತೀಯ ಅನ್ನೋದು ಮುಖ್ಯ. ಮನಸ್ಸಲ್ಲಿ ಓಡೋದನ್ನೆಲ್ಲ ಬಾಯಿಬಿಟ್ಟು ಹೇಳಬೇಕು!"

"ಆಯ್ತಕ್ಕಾ!"

ಮಳೆಗಾಲ ಕಳೀತು, ಮತ್ತೆ ಕರೆದ್ರು. ಈ ಸಲ ಒಬ್ಬ ಸಾರು, ಒಬ್ಬ ಮೇಡಮ್ಮು. "ಈ ಊರಲ್ಲಿ ಎಷ್ಟು ಬಲ್ಬ್ ಇರಬಹುದು?" ಅಂತ ಕೇಳಿದ್ರು. ಅಲ್ಲಿ ಹಂಗೇ ಕೇಳ್ತಾರಂತೆ!

ಮರಿಲಿಂಗ ಶುರು ಹಚ್ಕೊಂಡ. "ಬಲ್ಬು... ಬಲ್ಬು... ಸಾರ್ ಕಣ್ಣು ಕೆಂಪಗಿದೆ, ನಿದ್ದೆ ಇಲ್ಲ ಪಾಪ. ಮೇಡಂ ನನ್ನ ನೋಡ್ತಾನೇ ಇಲ್ಲ, ಫೋನ್ ನೋಡ್ತಾರೆ. ತಟ್ಟೇಲಿ ಬಿಸ್ಕತ್ತಿದೆ, ನಂಗೆ ಕೊಡಲ್ಲ ಅನ್ಸುತ್ತೆ. ಹೊರಗೆ ಅಮ್ಮ ಬಿಸಿಲಲ್ಲಿ ನಿಂತಿರ್ತಾಳೆ. ಈ ಕೆಲಸ ಸಿಗದಿದ್ರೆ ನಂಗೆ ಕಾಣದಂಗೆ ಅಳ್ತಾಳೆ. ನಂಗೆ ಕಾಣುತ್ತೆ."

ಸಾರು ಮೇಡಮ್ಮು ಮುಖ ಮುಖ ನೋಡ್ಕೊಂಡ್ರು. "ತಿಳಿಸ್ತೀವಿ, ಹೋಗಿ ಬನ್ನಿ" ಅಂದ್ರು.

"ಅದನ್ನೆಲ್ಲ ಹೇಳಿಬಿಟ್ಯೇನೋ ಮುಂಡೇದೇ!" ಅಂತ ತಾಯಿ ಕೂಗಿದಳು. ವನಿತಾ ತಲೆ ಮೇಲೆ ಕೈ ಹೊತ್ತಳು. "ಯಾರೇ ಏನೇ ಕೇಳಲಿ, ಥಟ್ಟಂತ ಒದರಬಾರದು ಕಣೋ! ಮೊದಲು ತಿರುಗಿ ಪ್ರಶ್ನೆ ಕೇಳು. ಯಾಕೆ, ಯಾರಿಗೋಸ್ಕರ, ಎಷ್ಟು ಜನಕ್ಕೆ ಅಂತ ತಿಳ್ಕೊಂಡು ಆಮೇಲೆ ಉತ್ತರ ಹೇಳು!"

"ಆಯ್ತಕ್ಕಾ!"

ದಿನ ಹೋದವು. ಕೆಂಪಾಜಮ್ಮ ಒಂದು ಅಂಗಿ ಮಡಿಸೋಳು, ಫೋನ್ ಕಡೆ ನೋಡೋಳು. ಇನ್ನೊಂದು ಮಡಿಸೋಳು, ಮತ್ತೆ ನೋಡೋಳು. ಗೇಟಿನ ಕಡೆ ನೋಡಬಾರದು ಅಂದ್ಕೊಳ್ಳೋಳು, ನೋಡದೆ ಇರೋಕೂ ಆಗ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನು ಹೊಡ್ಕೊಳ್ತು. ಮರಿಲಿಂಗ ಸ್ಪೀಕರ್ ಹಾಕಿದ, ಆ ಕಡೆ ಇಂಟರ್‌ವ್ಯೂ ಮಾಡಿದ ಮೇಡಮ್ಮು.

"ಮರಿಲಿಂಗ ಅವರಾ? ನೀವು ಸೆಲೆಕ್ಟ್ ಆಗಿದ್ದೀರಿ. ಕಂಡದ್ದನ್ನ ಕಂಡಂಗೇ ಹೇಳಿದೋರು ನೀವೊಬ್ರೇ. ತಪ್ಪು ಹುಡುಕೋ ಕೆಲಸಕ್ಕೆ ನಮಗೆ ಅಂಥೋರೇ ಬೇಕು. ಸೋಮವಾರ ಸೇರ್ಕೊಳ್ತೀರಾ?"

ಕೆಂಪಾಜಮ್ಮ ಮನಸ್ಸಲ್ಲೇ ಬೇಡ್ಕೊಂಡಳು. ಹೂಂ ಅನ್ನೋ ಮಗಾ, ಹೂಂ ಅನ್ನು!

"ಯಾಕೆ ಮೇಡಂ?" ಅಂದ ಮರಿಲಿಂಗ.

"ಅಂದ್ರೆ?"

"ಯಾಕೆ ಸೇರಬೇಕು? ಯಾರಿಗೋಸ್ಕರ? ಎಷ್ಟು ಜನಕ್ಕೆ?"

"ಇಷ್ಟ ಇಲ್ಲದಿದ್ರೆ ಬಿಡಿ." ಫೋನ್ ಕಟ್ಟಾಯ್ತು.

ಕೆಂಪಾಜಮ್ಮ ನೆಲಕ್ಕೆ ಕುಸಿದು ಗೊಳೋ ಅಂತ ಅತ್ತಳು. "ಯಾರಿಗೋಸ್ಕರ ಅಂತ ಅವರನ್ನ ಕೇಳ್ತೀಯೇನೋ! ನನಗೋಸ್ಕರ ಕಣೋ! ಎಷ್ಟು ವರ್ಷದಿಂದ ಆ ಗೇಟು ನೋಡ್ಕೊಂಡು ನಿಂತಿದೀನಿ, ನನಗೋಸ್ಕರ! ಈಗಲೇ ಫೋನ್ ಮಾಡಿ ಹೇಳೋ!"

"ಅಳಬೇಡಮ್ಮಾ, ಈಗಲೇ ಹೇಳ್ತೀನಿ!" ಮರಿಲಿಂಗನಿಗೂ ಕಣ್ಣಲ್ಲಿ ನೀರು. ಪಟಪಟ ಅಂತ ನಂಬರ್ ಒತ್ತಿದ.

"ಮೇಡಂ, ಮೇಡಂ! ಯಾರಿಗೋಸ್ಕರ ಅಂತ ಗೊತ್ತಾಯ್ತು! ನಮ್ಮಮ್ಮನಿಗೋಸ್ಕರ! ಸೋಮವಾರ ಅವಳೇ ಬರ್ತಾಳೆ, ಗೇಟಲ್ಲಿ ಒಳಗೆ ಬಿಡಿ!"